ಅಸಲಿ ಮ್ಯಾಗ್ ವೀಲೋ, ಹೊಸ ರೀಪ್ರೊಡಕ್ಷನ್ನೋ?

ಪ್ರಶ್ನೆ: ನನ್ನ ಹಳೆಯ ಮಿನಿ ಕಾರಿಗೆ 1960ರ ದಶಕದ ಎಂಟು ಸ್ಪೋಕಿನ ಮ್ಯಾಗ್ನೀಸಿಯಂ ಮಿನಿಲೈಟ್ ವೀಲ್‌ಗಳ ಸೆಟ್ ಸಿಗುತ್ತಿದೆ. ಅದೇ ವಿನ್ಯಾಸದ ಹೊಸ ಅಲ್ಯುಮಿನಿಯಂ ವೀಲ್‌ಗಳಿಗೆ ಬೆಲೆ ಕಡಿಮೆ. ಕಾರು ರಜಾದಿನಗಳಲ್ಲಿ ಮಾತ್ರ ರಸ್ತೆಗಿಳಿಯುತ್ತದೆ, ರೇಸಿಗೆ ಹೋಗುವುದಿಲ್ಲ. ಯಾವುದನ್ನು ಕೊಳ್ಳಲಿ?

ಉತ್ತರ: ಓಡಿಸಲು ಹೊಸದನ್ನೇ ಕೊಳ್ಳಿ. ಅಸಲಿ ಸೆಟ್ಟನ್ನೂ ಕೊಳ್ಳುವ ಅನುಕೂಲವಿದ್ದರೆ ಬಿಡಬೇಡಿ, ಆದರೆ ಅದನ್ನು ಪ್ರದರ್ಶನಕ್ಕೆಂದು ಒಣ ಜಾಗದಲ್ಲಿ ಎತ್ತಿಡಿ.

ತೂಕದಲ್ಲಿ ಅಸಲಿಯೇ ಮುಂದು, ಅದರಲ್ಲಿ ಅನುಮಾನವಿಲ್ಲ. ಮ್ಯಾಗ್ನೀಸಿಯಂ ಘನ ಸೆಂಟಿಮೀಟರಿಗೆ 1.74 ಗ್ರಾಂ ತೂಗಿದರೆ ಅಲ್ಯುಮಿನಿಯಂ 2.70 ಗ್ರಾಂ ತೂಗುತ್ತದೆ. ಹಾಗಾಗಿ 4 ಕೆ.ಜಿ.ಯ ಮ್ಯಾಗ್ನೀಸಿಯಂ ವೀಲನ್ನು ಅದೇ ದಪ್ಪದಲ್ಲಿ ಅಲ್ಯುಮಿನಿಯಂನಲ್ಲಿ ಎರಕ ಹೊಯ್ದರೆ ಸುಮಾರು 6.2 ಕೆ.ಜಿ. ಆಗುತ್ತದೆ. ಸ್ಪ್ರಿಂಗಿನ ಕೆಳಗಿನ ಭಾರವಾದ್ದರಿಂದ ಈ ವ್ಯತ್ಯಾಸ ಉಬ್ಬುತಗ್ಗಿನ ರಸ್ತೆಯಲ್ಲಿ ಕೈಗೆ ಗೊತ್ತಾಗುತ್ತದೆ.

ತೊಂದರೆ ಇರುವುದು ವಯಸ್ಸಿನಲ್ಲಿ. ಬಣ್ಣ ಕಿತ್ತುಬಂದ ಕಡೆ ತೇವ ಸೇರಿದರೆ ಮ್ಯಾಗ್ನೀಸಿಯಂ ಬೇಗ ಕರಗುತ್ತದೆ. ಉಕ್ಕಿನ ನಟ್, ವಾಷರ್, ಬ್ಯಾಲೆನ್ಸ್ ತೂಕ ಒತ್ತಿಕೊಂಡಿರುವಲ್ಲಂತೂ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ಸವೆತ ಇನ್ನೂ ಜೋರಾಗುತ್ತದೆ. ಹೊರಗೆ ಬಿಳಿ ಪುಡಿ ಕಾಣುವ ಹೊತ್ತಿಗೆ ಒಳಗೆ ಗುಳಿ ಬಿದ್ದಿರುತ್ತದೆ, ಬಿರುಕು ಹುಟ್ಟುವುದು ಆ ಗುಳಿಯಿಂದಲೇ. ಮೇಲಾಗಿ ಐವತ್ತು ವರ್ಷ ದಾಟಿದ ವೀಲ್ ಎಷ್ಟು ರ‍್ಯಾಲಿ ಓಡಿದೆ, ಎಷ್ಟು ಸಲ ಕಲ್ಲಿಗೆ ಬಡಿದಿದೆ ಎಂಬುದಕ್ಕೆ ಮಾರುವವರ ಬಳಿಯೂ ಲೆಕ್ಕವಿರುವುದಿಲ್ಲ. ಲೋಹದ ದಣಿವು ಕಣ್ಣಿಗೆ ಕಾಣುವಂಥದ್ದಲ್ಲ.

ಹೊಸದೆಂದು ಕಣ್ಣುಮುಚ್ಚಿ ಕೊಳ್ಳುವುದೂ ಬೇಡ. ತಕ್ಕಡಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಅಗ್ಗದ ರೀಪ್ರೊ ವೀಲ್‌ಗಳಲ್ಲಿ ಕೆಲವು ನಿಮ್ಮ ಕಾರಿನ ಉಕ್ಕಿನ ವೀಲಿಗಿಂತ ಭಾರವಿರುತ್ತವೆ. ಅಂಥದ್ದನ್ನು ಹಾಕಿಸಿದರೆ ಸಿಗುವುದು ಅಂದ ಮಾತ್ರ. ಆಮೇಲೆ ವೀಲಿನ ಹಿಂಬದಿ ನೋಡಿ. ಅಳತೆ, ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಕಾರಿಗೆ ತಾಗುವ ಮುಖಕ್ಕಿರುವ ದೂರ), ಗರಿಷ್ಠ ಭಾರ, ತಯಾರಾದ ದಿನಾಂಕ ಅಚ್ಚಾಗಿರಬೇಕು. ಜಪಾನಿನ ಜೆಡಬ್ಲ್ಯೂಎಲ್, ವಿಐಎ ಗುರುತು ಅಥವಾ ಜರ್ಮನಿಯ ಕೆಬಿಎ ಸಂಖ್ಯೆ ಇದ್ದರೆ ಬಾಗುವಿಕೆ, ಹೊಡೆತದಂಥ ಪರೀಕ್ಷೆಗಳ ಕಟ್ಟುಪಾಡಿಗೆ ಒಳಪಟ್ಟ ವಿನ್ಯಾಸವೆಂದು ತಿಳಿಯಬಹುದು. ಭಾರದ ಲೆಕ್ಕ ಸುಲಭ: ಪೂರ್ತಿ ತುಂಬಿದ ಕಾರಿನ ಹಿಂದಿನ ಆಕ್ಸಲ್ ಮೇಲೆ 700 ಕೆ.ಜಿ. ಬೀಳುವುದಾದರೆ ಒಂದೊಂದು ವೀಲ್ ಕನಿಷ್ಠ 350 ಕೆ.ಜಿ. ತಾಳಬೇಕು. ಹಿಂಬದಿ ಬೋಳಾಗಿದ್ದರೆ ಎಷ್ಟೇ ಚೆಂದವಿರಲಿ, ಬಿಟ್ಟುಬಿಡಿ.

ಪ್ರಶ್ನೆ: ಮ್ಯಾಗ್ನೀಸಿಯಂ ಎಂದು ಹೇಳಿ ಮಾರುತ್ತಿರುವ ವೀಲ್ ನಿಜವಾಗಿ ಅದೇ ಲೋಹದ್ದೇ ಎಂದು ತಿಳಿಯುವುದು ಹೇಗೆ? ಬಿರುಕಿನ ಪರೀಕ್ಷೆ ಮನೆಯಲ್ಲಿ ಮಾಡಬಹುದೇ?

ಉತ್ತರ: ಹಿಂಬದಿಯಲ್ಲಿ, ಟೈರ್ ಕೂರದ ಮತ್ತು ಹಬ್ಬಿಗೆ (ಕಾರಿನಲ್ಲಿ ವೀಲನ್ನು ಕೂರಿಸುವ ಭಾಗಕ್ಕೆ) ತಾಗದ ಒಂದು ಮೂಲೆ ಆರಿಸಿ. ಬೆರಳುಗುರಿನಷ್ಟು ಜಾಗದಲ್ಲಿ ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ, ಒಂದು ಹನಿ ವಿನೆಗರ್ ಬಿಡಿ. ಮ್ಯಾಗ್ನೀಸಿಯಂ ಆಗಿದ್ದರೆ ಆ ಕ್ಷಣದಲ್ಲೇ ಸಣ್ಣ ಗುಳ್ಳೆಗಳೇಳುತ್ತವೆ. ಅಲ್ಯುಮಿನಿಯಂ ಆದರೆ ಹನಿ ಸುಮ್ಮನೆ ಕೂತಿರುತ್ತದೆ. ನೋಡಿದ ಕೂಡಲೇ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪ್ರೈಮರ್ ಹಚ್ಚಿ.

ಬಿರುಕಿಗೆ ಡೈ ಪೆನೆಟ್ರಂಟ್ ಸ್ಪ್ರೇ ಸಿಗುತ್ತದೆ. ಮೊದಲು ಬಣ್ಣವನ್ನೆಲ್ಲ ತೆಗೆಯಲೇಬೇಕು, ಬಣ್ಣದ ಮೇಲೆ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಆದರೆ ಸ್ಯಾಂಡ್ ಬ್ಲಾಸ್ಟ್ ಮಾಡಿಸಬೇಡಿ. ಹೊಡೆತಕ್ಕೆ ಮೇಲ್ಮೈ ಚಪ್ಪಟೆಯಾಗಿ ಬಿರುಕಿನ ಬಾಯಿ ಮುಚ್ಚಿಹೋಗುತ್ತದೆ. ಉಕ್ಕಿನ ಕಾಳು ಬಳಸಿದರೆ ಕಬ್ಬಿಣದ ಕಣಗಳು ಮ್ಯಾಗ್ನೀಸಿಯಂನಲ್ಲಿ ಹುದುಗಿ ಹೊಸ ಸವೆತಕ್ಕೂ ದಾರಿಯಾಗುತ್ತದೆ. ರಾಸಾಯನಿಕ ಪೇಂಟ್ ರಿಮೂವರ್ ಒಳ್ಳೆಯದು. ಆರಿಸುವಾಗ ಲೋಹದ ಗುಣ ನೆನಪಿಡಿ: ಮ್ಯಾಗ್ನೀಸಿಯಂ ಆಮ್ಲಕ್ಕೆ ತಡೆಯುವುದಿಲ್ಲ, ಅಲ್ಯುಮಿನಿಯಂ ಕಾಸ್ಟಿಕ್ ಸೋಡಾಕ್ಕೆ ತಡೆಯುವುದಿಲ್ಲ.

ಗ್ರೀಸ್ ಒರೆಸಿ, ಕೆಂಪು ಡೈ ಸಿಂಪಡಿಸಿ, ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಡಿ. ಆಮೇಲೆ ಕ್ಲೀನರನ್ನು ನೇರವಾಗಿ ವೀಲಿಗೆ ಸಿಂಪಡಿಸದೆ ಬಟ್ಟೆಗೆ ಹಾಕಿಕೊಂಡು ಒರೆಸಿ, ಇಲ್ಲವಾದರೆ ಬಿರುಕಿನೊಳಗಿನ ಡೈಯೂ ತೊಳೆದುಹೋಗುತ್ತದೆ. ಕೊನೆಗೆ ಬಿಳಿ ಡೆವಲಪರ್ ಹಾಕಿ. ಸ್ಟಡ್ (ನಟ್ ಕೂರುವ ಬೋಲ್ಟ್) ತೂತುಗಳ ನಡುವಿನ ಜಾಗ, ಸ್ಪೋಕಿನ ಬುಡ, ಒಳಬದಿಯ ರಿಮ್ ಅಂಚು, ಈ ಮೂರು ಕಡೆ ಕೆಂಪು ಗೆರೆ ಮೂಡುತ್ತದೆಯೇ ಎಂದು ಕಾದು ನೋಡಿ. ಚುಕ್ಕೆ ಚುಕ್ಕೆಯಾಗಿ ಮೂಡಿದರೆ ಅದು ಎರಕದ ಸಣ್ಣ ರಂಧ್ರ. ಗೆರೆಯಾದರೆ ಬಿರುಕು, ಆ ವೀಲನ್ನು ಗೋಡೆಗೆ ತೂಗುಹಾಕಿ. ವೆಲ್ಡ್ ಮಾಡಿಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಈ ಪರೀಕ್ಷೆಗೆ ಮೇಲ್ಮೈಯಲ್ಲಿ ಬಾಯಿಬಿಟ್ಟ ಬಿರುಕು ಮಾತ್ರ ಸಿಗುತ್ತದೆ, ಒಳಗಿನದಕ್ಕೆ ಎಕ್ಸ್‌ರೇ ಬೇಕು.

ಮ್ಯಾಗ್ನೀಸಿಯಂ ವೀಲಿಗೆ ಗ್ರೈಂಡರ್ ಹಿಡಿಯಲೇಬೇಡಿ. ಅದರ ಪುಡಿಗೆ ಕಿಡಿ ತಗುಲಿದರೆ ಧಗ್ಗೆಂದು ಉರಿಯುತ್ತದೆ, ನೀರು ಸುರಿದರೆ ಉರಿ ಹೆಚ್ಚುತ್ತದೆ. ಅದಕ್ಕೆ ಬೇಕಾದದ್ದು ಡಿ ವರ್ಗದ ಅಗ್ನಿಶಾಮಕ ಪುಡಿ.

ಪ್ರಶ್ನೆ: ಮಿನಿಗೆ 4 × 100 ಪಿಸಿಡಿಯ (ನಾಲ್ಕು ಸ್ಟಡ್ ತೂತು, ಅವುಗಳ ನಡುಬಿಂದುಗಳು ಕೂರುವ ವೃತ್ತದ ವ್ಯಾಸ 100 ಮಿ.ಮೀ.) ವೀಲ್ ‘ಸ್ವಲ್ಪ ಬಿಗಿ, ಆದರೆ ಕೂರುತ್ತದೆ’ ಎನ್ನುತ್ತಿದ್ದಾರೆ. ನಿಜವೇ?

ಉತ್ತರ: ಕೂರುತ್ತದೆ, ಅಪಾಯ ಇರುವುದೂ ಅಲ್ಲೇ. ಮಿನಿಯ ಪಿಸಿಡಿ 4 ಇಂಚು, ಅಂದರೆ 101.6 ಮಿ.ಮೀ. ಪ್ರತಿ ತೂತೂ 0.8 ಮಿ.ಮೀ. ಒಳಕ್ಕೆ ಇರುತ್ತದೆ. ನಟ್ ಬಿಗಿಮಾಡಿದಾಗ ಅದರ ಕೋನ್ ಒಂದು ಪಕ್ಕಕ್ಕೆ ಮಾತ್ರ ಒತ್ತಿ ಸ್ಟಡ್ಡನ್ನು ಬಾಗಿಸುತ್ತದೆ. ಟಾರ್ಕ್ ರೆಂಚ್ ಸರಿಯಾದ ಅಂಕಿ ತೋರಿಸಿದರೂ ವೀಲ್ ಹಬ್ಬಿಗೆ ಪೂರ್ತಿ ಕಚ್ಚಿರುವುದಿಲ್ಲ. ನಟ್ ಸಡಿಲವಾಗುತ್ತದೆ, ಇಲ್ಲವೇ ಸ್ಟಡ್ ತುಂಡಾಗುತ್ತದೆ. ಹಳೆಯ ಫಿಯಟ್‌ಗಳ 4 × 98ಕ್ಕೂ ಇದೇ ಮಾತು.

ನಟ್ಟಿನ ಆಕಾರವನ್ನೂ ನೋಡಿ. 60 ಡಿಗ್ರಿ ಕೋನ್, ಗುಂಡು ತಳ, ವಾಷರ್ ಸಮೇತದ ಚಪ್ಪಟೆ ತಳ, ಇವು ಒಂದರ ಬದಲಿಗೆ ಇನ್ನೊಂದು ಆಗುವುದಿಲ್ಲ. ಅಲಾಯ್ ವೀಲ್ ಉಕ್ಕಿನದಕ್ಕಿಂತ ದಪ್ಪವಾದ್ದರಿಂದ ಹಳೆಯ ಸ್ಟಡ್ ಗಿಡ್ಡವಾಗಬಹುದು. ಕನಿಷ್ಠ ಸ್ಟಡ್ಡಿನ ವ್ಯಾಸದಷ್ಟು ಉದ್ದ ನಟ್ಟಿನೊಳಗೆ ಕಚ್ಚಬೇಕು. ಮಿನಿಯ 3/8 ಇಂಚು ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಎಳೆಯ) ಸ್ಟಡ್ಡಿಗೆ 9 ಪೂರ್ತಿ ಸುತ್ತು, 12 × 1.5 (12 ಮಿ.ಮೀ. ವ್ಯಾಸ, ಎಳೆಗಳ ನಡುವೆ 1.5 ಮಿ.ಮೀ.) ಸ್ಟಡ್ಡಿಗೆ 8 ಸುತ್ತು. ಕಡಿಮೆ ಬಂದರೆ ಉದ್ದದ ಸ್ಟಡ್ ಹಾಕಿಸಿ. ಹೊಸ ವೀಲ್ ಹಾಕಿ 50ರಿಂದ 80 ಕಿ.ಮೀ. ಓಡಿಸಿದ ಮೇಲೆ, ವೀಲ್ ತಣ್ಣಗಿರುವಾಗ, ಮತ್ತೊಮ್ಮೆ ಟಾರ್ಕ್ ನೋಡುವುದು ಕಡ್ಡಾಯ.

ಪ್ರಶ್ನೆ: ಪೋರ್ಷೆ 911ಕ್ಕೆ ಹಳೆಯ ಫುಕ್ಸ್ ವೀಲ್ ಹುಡುಕುತ್ತಿದ್ದೇನೆ. ಮೇಲಿನ ಭಯ ಇದಕ್ಕೂ ಅನ್ವಯವೇ?

ಉತ್ತರ: ಅಷ್ಟಾಗಿ ಇಲ್ಲ. 1967ರ ಮಾದರಿಯ 911 ಎಸ್ ಜೊತೆ ಬಂದ ಫುಕ್ಸ್ ವೀಲ್ ಎರಕದ್ದಲ್ಲ, ಬಡಿದು ರೂಪಿಸಿದ ಅಲ್ಯುಮಿನಿಯಂ. ಫೋರ್ಜಿಂಗ್‌ನಲ್ಲಿ ಲೋಹದ ಎಳೆ ಬಿಗಿಯಾಗುವುದರಿಂದ ತೆಳ್ಳಗಿದ್ದರೂ ಗಟ್ಟಿ, ಹೊಡೆತ ಬಿದ್ದರೆ ಒಡೆಯುವ ಮೊದಲು ಬಾಗುತ್ತದೆ. ಹಾಗಾಗಿ ಇಲ್ಲಿ ನಮ್ಮ ಓಟು ಅಸಲಿಗೆ. ಎರಕದ ರೀಪ್ರೊ ಅದೇ ಬಲಕ್ಕೆ ಹೆಚ್ಚು ಲೋಹ ಬೇಡುತ್ತದೆ, ಅದರಿಂದ ತೂಕವೂ ಹೆಚ್ಚು.

ಹಿಂಬದಿಯಲ್ಲಿ ಫುಕ್ಸ್ ಮುದ್ರೆ, 911.361ರಂತೆ ಶುರುವಾಗುವ ಪಾರ್ಟ್ ನಂಬರ್, ಅಳತೆ, ತಿಂಗಳು–ವರ್ಷದ ಗುರುತು ಓದಲು ಬರಬೇಕು. ಕನ್ನಡಿಯಂತೆ ಹೊಳೆಯುವ ವೀಲ್ ಕಂಡರೆ ಎಚ್ಚರ. ಮೂಲದಲ್ಲಿ ಇದ್ದದ್ದು ಆನೊಡೈಸಿಂಗ್‌ನ (ವಿದ್ಯುತ್ ಹಾಯಿಸಿ ಮೇಲ್ಮೈಗೆ ತರುವ ಗಟ್ಟಿ ಪದರದ) ಮಂದ ಹೊಳಪು. ಅದನ್ನು ಕಿತ್ತು ಪಾಲಿಶ್ ಮಾಡುವಾಗ ಎಷ್ಟು ಲೋಹ ಹೋಯಿತೋ ಯಾರು ಬಲ್ಲರು. ಬ್ಯಾಲೆನ್ಸ್ ಯಂತ್ರದಲ್ಲಿ ತಿರುಗಿಸಿ ಡಯಲ್ ಗೇಜ್ ಹಿಡಿಸಿ. ಓರೆ 1 ಮಿ.ಮೀ. ದಾಟಿದರೆ ಬೇಡ. ಕಾಯಿಸಿ ನೇರ ಮಾಡಿದ ವೀಲೂ ಬೇಡ, ಶಾಖಕ್ಕೆ ಹದ ಕೆಟ್ಟಿರುತ್ತದೆ. ನಟ್ಟುಗಳು 14 × 1.5, ಟಾರ್ಕ್ 130 ನ್ಯೂಟನ್ ಮೀಟರ್.

ಪ್ರಶ್ನೆ: ಹಳೆಯ ವೀಲಿಗೆ ಟ್ಯೂಬ್‌ಲೆಸ್ ಟೈರ್ ಹಾಕಬಹುದೇ?

ಉತ್ತರ: ರಿಮ್ಮಿನೊಳಗೆ ಬೆರಳಾಡಿಸಿ. ಟೈರಿನ ಅಂಚು ಕೂರುವ ಜಾಗದ ಪಕ್ಕದಲ್ಲಿ ಸುತ್ತಲೂ ಸಣ್ಣ ಉಬ್ಬು ಇದ್ದರೆ ಹಾಕಬಹುದು. ಇಲ್ಲದಿದ್ದರೆ ತಿರುವಿನಲ್ಲಿ ಗಾಳಿ ಕಡಿಮೆಯಾದಾಗ ಅಂಚು ಒಳಕ್ಕೆ ಜಾರುತ್ತದೆ. ಅಂಥ ರಿಮ್ಮಿಗೆ ರೇಡಿಯಲ್ ಟೈರಿಗೆಂದೇ ಮಾಡಿದ, ಅದೇ ಅಳತೆಯ ಟ್ಯೂಬ್ ಹಾಕಿಸಿ. ಹೊಸದಾಗಿ ಹಾಕಿಸಿದ ಟ್ಯೂಬ್‌ಲೆಸ್ ಟೈರಿನ ಗಾಳಿ ನಿಧಾನವಾಗಿ ಇಳಿಯುತ್ತಿದ್ದರೆ ವಾಲ್ವ್ ತೂತು ಅಳೆಯಿರಿ: 11.5 ಮತ್ತು ಸುಮಾರು 16 ಮಿ.ಮೀ.ಗೆ ಬೇರೆ ಬೇರೆ ವಾಲ್ವ್ ಇವೆ. ವಾಲ್ವ್ ಸರಿಯಿದ್ದರೆ ವೀಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ಸ್ಪೋಕಿನ ಹಿಂದಿನಿಂದ ಗುಳ್ಳೆ ಬಂದರೆ ಅದು ಎರಕದ ರಂಧ್ರ. ವೀಲ್ ಹೊಸದಾಗಿದ್ದರೆ ಸೀಲಂಟ್ ಹಚ್ಚಿಸಿಕೊಂಡು ಬರಬೇಡಿ, ವೀಲನ್ನೇ ವಾಪಸ್ ಕೊಡಿ.