ಬಿ1 ಮುಗಿಸಿ ಜರ್ಮನಿಗೆ ಹೋದರೆ, ಬಿ2 ಬಿಟ್ಟು ನೇರ ಸಿ1 ಕೋರ್ಸಿಗೆ ಸೇರಬಹುದೇ?

ಜರ್ಮನ್ ಭಾಷೆಯ ಹಂತಗಳಲ್ಲಿ (ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಮೇಲೇರುತ್ತವೆ) ಬೆಂಗಳೂರಿನಲ್ಲಿ ಬಿ1 ಆಗಿದೆ, ವಿಶ್ವವಿದ್ಯಾಲಯದ ಷರತ್ತಿನ ಪ್ರವೇಶಪತ್ರ ಬಂದಿದೆ, ಆರು ತಿಂಗಳಲ್ಲಿ ಡಿಎಸ್‌ಎಚ್ (ಜರ್ಮನ್ ವಿಶ್ವವಿದ್ಯಾಲಯ ಪ್ರವೇಶದ ಭಾಷಾ ಪರೀಕ್ಷೆ) ಪಾಸಾಗಬೇಕು, ಬಿ2 ಹಾರಿಸಿಬಿಟ್ಟರೆ ಸಮಯ ಉಳಿಯುತ್ತದೆ ಎಂದು ಬರೆದಿದ್ದೀರಿ. ನಿಮ್ಮ ಪ್ರಶ್ನೆ ಓದುತ್ತಿದ್ದರೆ ನಾನೇ ಅಂದು ಬರೆದ ಇಮೇಲ್ ಓದಿದ ಹಾಗಾಯಿತು. ಸೇರಬಹುದು. ನಾನೂ ಸೇರಿದ್ದೆ. ಅದರಿಂದ ನನ್ನ ಒಂದು ವರ್ಷ ಹೋಯಿತು.

ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ (ಜರ್ಮನ್ ಕಲಿಸುವ ಗೋಥೆ ಇನ್‌ಸ್ಟಿಟ್ಯೂಟಿನ ಬೆಂಗಳೂರು ಕೇಂದ್ರ) ಬಿ1 ಮುಗಿಸಿ ಮಾರ್ಚ್‌ನಲ್ಲಿ ದಕ್ಷಿಣ ಜರ್ಮನಿಯ ಒಂದು ವಿಶ್ವವಿದ್ಯಾಲಯದ ಇಂಟೆನ್ಸಿವ್ ಕೋರ್ಸಿಗೆ ಬಂದೆ. ವಾರಕ್ಕೆ 25 ಪಾಠ, ಒಂದು ಪಾಠ ಅಂದರೆ 45 ನಿಮಿಷ. ಬೆಳಿಗ್ಗೆ 9ಕ್ಕೆ ಶುರುವಾದರೆ ಬಿಡುವು ಸೇರಿ ಮಧ್ಯಾಹ್ನ 1ರ ಸುಮಾರಿಗೆ ಮುಗಿಯುತ್ತದೆ. ಅದರ ಮೇಲೆ ದಿನಕ್ಕೆ ಎರಡು ಮೂರು ಗಂಟೆಯ ಹೋಮ್‌ವರ್ಕ್. ಗೋಥೆ ಇನ್‌ಸ್ಟಿಟ್ಯೂಟಿನ ಅಂದಾಜಿನಲ್ಲಿ ಸೊನ್ನೆಯಿಂದ ಬಿ2 ಮುಟ್ಟಲು 600ರಿಂದ 800 ಪಾಠ ಬೇಕು, ಸಿ1ಗೆ 800ರಿಂದ 1000. ಬಿ1 ಆದವರಿಗೆ ಇನ್ನು 400 ಪಾಠ, ವಾರಕ್ಕೆ 25ರಂತೆ 16 ವಾರ, ಆರಾಮಾಗಿ ಆಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ನೀವೂ ಅದನ್ನೇ ಹಾಕಿದ್ದೀರಿ. ಆ ಲೆಕ್ಕ ಹೊಂದುವುದು ಓದು, ಕೇಳು, ಬರೆ, ಮಾತಾಡು ಈ ನಾಲ್ಕೂ ಒಂದೇ ಮಟ್ಟದಲ್ಲಿರುವವರಿಗೆ. ನಮ್ಮಲ್ಲಿ ಹೆಚ್ಚಿನವರು ಹಾಗಿರುವುದಿಲ್ಲ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಮೇಲುನೋಟಕ್ಕೆ ಅದು ತಪ್ಪು ಅನಿಸುವುದೇ ಇಲ್ಲ. ನಾನು ಪ್ಲೇಸ್‌ಮೆಂಟ್ ಟೆಸ್ಟಿಗೆ ತಯಾರಿ ಮಾಡಿಕೊಂಡು ಹೋದೆ.

ಯಾವ ಹಂತದಲ್ಲಿ ಕೂರಿಸಬೇಕು ಎಂದು ನೋಡಲು ಬಹಳಷ್ಟು ಕಡೆ ಸಿ-ಟೆಸ್ಟ್ ಕೊಡುತ್ತಾರೆ. ಚಿಕ್ಕ ಚಿಕ್ಕ ಪಠ್ಯಗಳು. ಮೊದಲ ವಾಕ್ಯ ಪೂರ್ತಿ ಇರುತ್ತದೆ, ಆಮೇಲೆ ಪ್ರತಿ ಎರಡನೆಯ ಪದದ ಅರ್ಧ ಹಾರಿಸಿರುತ್ತಾರೆ. ಕನ್ನಡದಲ್ಲಿ ಮಾಡಿದರೆ ಹೀಗೆ: ‘ಬೆಳಿಗ್ಗೆ ಎ__ ಕಾಫಿ ಕು__ ಕಾಲೇಜಿಗೆ ಹೋ__’. ಉಳಿದದ್ದನ್ನು ನೀವು ತುಂಬಬೇಕು. ಇದಕ್ಕೊಂದು ಒಳಗುಟ್ಟಿದೆ. ಹಾರಿಸಿದ ಭಾಗದಲ್ಲಿ ಉಳಿದ ಭಾಗದಷ್ಟೇ ಅಕ್ಷರ ಇರುತ್ತವೆ, ಇಲ್ಲವೇ ಒಂದು ಜಾಸ್ತಿ. ಹಾಗಾಗಿ ಅಕ್ಷರ ಎಣಿಸಿ, ಹಿಂದಿನ ಆರ್ಟಿಕಲ್ ನೋಡಿ, ಕೊನೆಗೆ ‘ಎನ್’ ಬರುತ್ತದೋ ‘ಎರ್’ ಬರುತ್ತದೋ ಎಂದು ಊಹಿಸಿದರೆ ಅರ್ಥ ತಿಳಿಯದೆಯೂ ಅರ್ಧಕ್ಕರ್ಧ ಸರಿಯಾಗುತ್ತದೆ. ಹೊರಡುವ ಮುಂಚಿನ ಮೂರು ವಾರ ದಿನಕ್ಕೆ ಎರಡರಂತೆ ಸುಮಾರು ನಲವತ್ತು ಸಿ-ಟೆಸ್ಟ್ ಬಿಡಿಸಿದೆ. ಪರೀಕ್ಷೆ ಅಂದಮೇಲೆ ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದು ಪಿಯುಸಿಯಿಂದ ಬಂದ ಅಭ್ಯಾಸವಲ್ಲವೇ?

ಆದರೆ ಪ್ಲೇಸ್‌ಮೆಂಟ್ ಟೆಸ್ಟಿನಲ್ಲಿ ಪಾಸು ಫೇಲು ಇಲ್ಲ. ಅದು ಬಟ್ಟೆ ಹೊಲಿಸುವಾಗ ದರ್ಜಿ ಹಿಡಿಯುವ ಅಳತೆ ಟೇಪು. ಅಳತೆ ಕೊಡುವಾಗ ಎದೆಯುಬ್ಬಿಸಿ ನಿಂತರೆ ಅಂಗಿ ಯಾರಿಗೋ ಆಗುತ್ತದೆ. ನನಗೆ ಮುಕ್ಕಾಲು ಪಾಲು ಅಂಕ ಬಂತು, ಸಿ1ರ ಮೊದಲ ಭಾಗದಲ್ಲಿ ಕೂರಿಸಿದರು. ಪಕ್ಕದಲ್ಲಿದ್ದವರು ಒಂದೆರಡು ವರ್ಷದಿಂದ ಜರ್ಮನಿಯಲ್ಲೇ ಬದುಕುತ್ತಿದ್ದ ಸಿರಿಯಾ, ಉಕ್ರೇನ್, ಸ್ಪೇನಿನವರು. ವ್ಯಾಕರಣದಲ್ಲಿ ಅವರು ನನಗಿಂತ ಹಿಂದೆ, ಕಿವಿಯಲ್ಲಿ ನನಗಿಂತ ಎಷ್ಟೋ ಮುಂದೆ. ಅದೇ ವಾರ ಬೇಕರಿಯಲ್ಲಿ ಬ್ರೆಡ್ಡು ಕೇಳಿದೆ. ಕೌಂಟರಿನ ಹೆಂಗಸು ‘ಸೊನ್ಶ್ಟ್ ನೊ ಎಬ್ಬೆಸ್?’ ಅಂದರು. ಮೂರು ಸಲ ಅಂದರು. ಆಮೇಲೆ ಬರಿಗೈ ತೋರಿಸಿ ತಲೆಯಾಡಿಸಿದರು. ‘ಇನ್ನೇನಾದರೂ ಬೇಕಾ’ ಎಂಬುದರ ಸ್ವಾಬಿಯನ್ (ಆ ದಕ್ಷಿಣ ಜರ್ಮನಿ ಸೀಮೆಯ) ಆಡುನುಡಿ ಅದು. ಪುಸ್ತಕದ ‘ಸೊನ್ಸ್ಟ್ ನೊಖ್ ಎಟ್ವಾಸ್’ ನನಗೆ ಗೊತ್ತಿತ್ತು, ಬಾಯಿಯಿಂದ ಬಂದದ್ದು ಗೊತ್ತಾಗಲಿಲ್ಲ.

ತಪ್ಪಿನ ಎರಡನೆಯ ಅರ್ಧ ಇನ್ನೂ ದುಬಾರಿ. ಮೊದಲ ವಾರದಲ್ಲಿ ಗುಂಪು ಬದಲಿಸಿಕೊಳ್ಳಲು ಅವಕಾಶ ಇರುತ್ತದೆ. ನಾಲ್ಕನೇ ದಿನ ಟೀಚರ್ ಕರೆದು, ‘ಬಿ2ಕ್ಕೆ ಇಳಿಯಿರಿ, ಅಲ್ಲಿ ನಿಮಗೆ ಒಳ್ಳೆಯದಾಗುತ್ತದೆ’ ಎಂದರು. ಮನೆಗೆ ಫೋನ್ ಮಾಡಿ ನೇರ ಸಿ1ಗೆ ಸೇರಿದೆ ಎಂದು ಹೇಳಿಯಾಗಿತ್ತು. ಅಪ್ಪ ಊರಿಗೆಲ್ಲ ಹೇಳಿದ್ದರು. ಬೇಡ, ಸಂಭಾಳಿಸುತ್ತೇನೆ ಎಂದೆ.

ಸೆಪ್ಟೆಂಬರ್ ಡಿಎಸ್‌ಎಚ್‌ನಲ್ಲಿ ಏನಾಯಿತು ಎಂದರೆ: ಓದುವುದರಲ್ಲಿ 200ಕ್ಕೆ 156, ಶೈಕ್ಷಣಿಕ ಭಾಷೆಯ ವ್ಯಾಕರಣದಲ್ಲಿ 100ಕ್ಕೆ 84, ಬರೆಯುವುದರಲ್ಲಿ 200ಕ್ಕೆ 108, ಕೇಳುವುದರಲ್ಲಿ 200ಕ್ಕೆ 82. ಒಟ್ಟು 700ಕ್ಕೆ 430, ಅಂದರೆ ಶೇ. 61. ಶೇ. 57ಕ್ಕೆ ಡಿಎಸ್‌ಎಚ್-1, 67ಕ್ಕೆ ಡಿಎಸ್‌ಎಚ್-2, 82ಕ್ಕೆ ಡಿಎಸ್‌ಎಚ್-3. ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಬಯಸುವುದು ಡಿಎಸ್‌ಎಚ್-2. ಕೇಳುವ ಭಾಗದಲ್ಲಿ ಒಂದು ಸಣ್ಣ ಉಪನ್ಯಾಸವನ್ನು ಎರಡು ಸಲ ಓದುತ್ತಾರೆ, ನೀವು ಟಿಪ್ಪಣಿ ಮಾಡಿಕೊಂಡು ಉತ್ತರಿಸಬೇಕು. ನಾನು ಕೇಳಿದ ಪ್ರತಿ ಪದವನ್ನೂ ಬರೆಯಲು ಹೋಗಿ ಮುಂದಿನ ವಾಕ್ಯ ಕಳೆದುಕೊಂಡೆ. ಕಿವಿ ನಿಧಾನವಿದ್ದವರೆಲ್ಲ ಮಾಡುವುದು ಇದನ್ನೇ. ನಾನು ಸೇರಬೇಕಿದ್ದ ಕೋರ್ಸು ಚಳಿಗಾಲದ ಸೆಮಿಸ್ಟರಿನಲ್ಲಿ ಮಾತ್ರ ಶುರುವಾಗುವಂಥದ್ದು. ಪ್ರವೇಶಪತ್ರ ರದ್ದಾಯಿತು. ಬ್ಲಾಕ್ಡ್ ಅಕೌಂಟಿನಿಂದ (ವೀಸಾಕ್ಕಾಗಿ ಖರ್ಚಿನ ಹಣ ಮುಂಚೆಯೇ ಕಟ್ಟಿಡುವ ಖಾತೆ) ತಿಂಗಳಿಗೆ ಈಗ ಬಿಡುವುದು 992 ಯೂರೋ, ವರ್ಷಕ್ಕೆ 11,904. ಒಂದು ವರ್ಷ ಕಳೆದುಕೊಳ್ಳುವುದು ಎಂದರೆ ಅಷ್ಟು, ಮೇಲೆ ಮತ್ತೊಂದು ಕೋರ್ಸಿನ ಫೀಸು. ಅಕ್ಟೋಬರಿನಲ್ಲಿ ಬಿ2ರಲ್ಲಿ ಕೂತೆ. ಮಾರ್ಚ್‌ನಲ್ಲಿ ಶೇ. 74 ಬಂತು.

ಅದಕ್ಕೇ ಹೇಳುತ್ತಿದ್ದೇನೆ, ‘ಬಿ2 ಬಿಡಬಹುದಾ’ ಎಂಬ ಪ್ರಶ್ನೆಯೇ ಸರಿಯಿಲ್ಲ. ಓದು, ಕೇಳು, ಬರೆ, ಮಾತಾಡು ಈ ನಾಲ್ಕರಲ್ಲಿ ನಿಮ್ಮದು ಯಾವುದು ಹಿಂದಿದೆ ಎಂದು ಕೇಳಿಕೊಳ್ಳಿ, ಅದು ಯಾವ ಹಂತದಲ್ಲಿದೆಯೋ ಆ ತರಗತಿಯಲ್ಲಿ ಕೂರಿ. ಪ್ಲೇಸ್‌ಮೆಂಟಿಗೆ ಒಂದು ದಿನವೂ ಓದಬೇಡಿ. ನಿಮಗೆ ಆರು ತಿಂಗಳಷ್ಟೇ ಇದ್ದರೆ, ಬಿ2ರ ಮೊದಲರ್ಧವನ್ನು ಬೆಂಗಳೂರಿನಲ್ಲೇ ಮುಗಿಸಿ ಹೋಗಿ. ‘ಅಲ್ಲಿ ಹೋದರೆ ಭಾಷೆ ತಾನೇ ಬರುತ್ತದೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಧ್ಯಾಹ್ನ 1ರವರೆಗಿನ ಪಾಠ ಎಲ್ಲಿದ್ದರೂ ಒಂದೇ. ಜರ್ಮನಿಗೆ ಹೋಗುವುದಕ್ಕೆ ಬೆಲೆ ಬರುವುದು 1ರ ನಂತರ. ಅಲ್ಲಿಯೂ ಭಾರತೀಯರ ಜೊತೆಯೇ ಮನೆ ಮಾಡಿ ಇಂಗ್ಲಿಷಿನಲ್ಲಿ ಸಂಜೆ ಕಳೆದರೆ ಅಷ್ಟು ಯೂರೋ ಯಾಕೆ? ನೀವು ತಡವರಿಸಿದ ತಕ್ಷಣ ಜರ್ಮನರು ಇಂಗ್ಲಿಷಿಗೆ ತಿರುಗುತ್ತಾರೆ. ‘ಕ್ಯೋನೆನ್ ವಿಯರ್ ಬಿಟ್ಟೆ ಡಾಯ್ಚ್ ಶ್ಪ್ರೆಖೆನ್?’ ಎಂದು ಪ್ರತಿ ಸಲ ಕೇಳಿ. ವಿಶ್ವವಿದ್ಯಾಲಯದಲ್ಲಿ ಟ್ಯಾಂಡೆಮ್ ವ್ಯವಸ್ಥೆ ಇರುತ್ತದೆ. ಅರ್ಧ ಗಂಟೆ ನೀವು ಅವರಿಗೊಂದು ಭಾಷೆ, ಅರ್ಧ ಗಂಟೆ ಅವರು ನಿಮಗೆ ಜರ್ಮನ್. ಮೊದಲ ವಾರವೇ ಹೆಸರು ಕೊಡಿ.

ಕನ್ನಡದವರಿಗೆ ಒಂದು ದೊಡ್ಡ ಅನುಕೂಲ ಇದೆ, ಯಾರೂ ಹೇಳಿಕೊಡುವುದಿಲ್ಲ. ನಾವು ಜರ್ಮನ್ನನ್ನು ಇಂಗ್ಲಿಷಿನ ಮೂಲಕ ಕಲಿಯುತ್ತೇವೆ, ಅದಕ್ಕೇ ಎಡವುತ್ತೇವೆ. ‘ನನಗೆ ಚಳಿ’ ಎನ್ನಲು ಜರ್ಮನ್ನರು ‘ಮಿಯರ್ ಇಸ್ಟ್ ಕಾಲ್ಟ್’ ಎನ್ನುತ್ತಾರೆ. ಮಿಯರ್ ಅಂದರೆ ನನಗೆ, ನಮ್ಮ ಚತುರ್ಥಿಯೇ. ಇಂಗ್ಲಿಷಿನಿಂದ ಬಂದವರು ‘ಇಖ್ ಬಿನ್ ಕಾಲ್ಟ್’ ಅಂದುಬಿಡುತ್ತಾರೆ, ಅದು ‘ನಾನು ನಿಷ್ಕರುಣಿ’ ಎಂದ ಹಾಗೆ. ಉಪವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದು ಯುರೋಪಿನ ಸಹಪಾಠಿಗಳಿಗೆ ಕಷ್ಟ, ನಮಗೆ ತಾಯಿನುಡಿಯ ಕ್ರಮ. ಡಿಎಸ್‌ಎಚ್ ವ್ಯಾಕರಣದಲ್ಲಿ ತಪ್ಪದೆ ಬರುವ ‘ಡಾಸ್ ಗೆಸ್ಟರ್ನ್ ಗೆಕೌಫ್ಟೆ ಬುಖ್’ ನೋಡಿ: ನಿನ್ನೆ ಕೊಂಡ ಪುಸ್ತಕ. ಪದಕ್ಕೆ ಪದ ಕೂರುತ್ತದೆ. ‘ಬೆಲೆ ಏರುತ್ತಿರುವುದರಿಂದ’ ಎಂಬುದನ್ನು ‘ಬೆಲೆ ಏರಿಕೆಯ ಕಾರಣ’ ಮಾಡುವುದು ನಮ್ಮ ಪತ್ರಿಕೆಗಳು ದಿನಾ ಮಾಡುವ ಕೆಲಸ. ಅವರ ‘ವೇಗೆನ್ ಡೆಸ್ ಆನ್‌ಶ್ಟೀಗ್ಸ್ ಡೇರ್ ಪ್ರೈಸೆ’ ಅದೇ. ವ್ಯಾಕರಣದಲ್ಲಿ ನನ್ನ 84 ಬಂದದ್ದು ಇದು ಹೊಳೆದ ಮೇಲೆ. ಕಿಟ್ಟೆಲ್ ನಮ್ಮ ಭಾಷೆ ಕಲಿತು 1894ರಲ್ಲಿ ನಿಘಂಟು ಕೊಟ್ಟರು, ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ. ಈ ದಾರಿ ಆ ಕಡೆಯಿಂದ ತೆರೆದು ಬಹಳ ಕಾಲವಾಗಿದೆ, ನಾವು ಈ ಕಡೆಯಿಂದ ಬಳಸಿಕೊಳ್ಳಬೇಕು.

ಕಾಗದಪತ್ರದ ವಿಷಯ ಬೇಗ ಹೇಳುತ್ತೇನೆ. ಓದಿನ ವೀಸಾಕ್ಕೆ ಭಾರತದವರಿಗೆ 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ (ನಿಮ್ಮ ಓದಿನ ದಾಖಲೆ ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ) ಕಡ್ಡಾಯ, ಮೊದಲು ಅದಕ್ಕೇ ಅರ್ಜಿ ಹಾಕಿ. ಹೋಗಿ ಮನೆ ಹಿಡಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು. ಆ ಪತ್ರ ಕೊಡಲಾರೆ ಎನ್ನುವವರ ಮನೆ ಎಷ್ಟು ಅಗ್ಗವಾದರೂ ಬೇಡ. ಭಾಷಾ ಕೇಂದ್ರಕ್ಕೆ ದುಡ್ಡು ಕಟ್ಟುವ ಮುಂಚೆ ಒಂದು ಮಾತು ಬರಹದಲ್ಲಿ ಕೇಳಿ: ಈ ಕೋರ್ಸಿನಲ್ಲಿ ವಿದ್ಯಾರ್ಥಿ ಸ್ಥಾನಮಾನ ಸಿಗುತ್ತದಾ? ಕೆಲವು ಕಡೆ ಸಿಗುವುದಿಲ್ಲ. ಸಿಗದಿದ್ದರೆ ಸೆಮಿಸ್ಟರ್ ಟಿಕೆಟ್ (ವಿದ್ಯಾರ್ಥಿಗಳ ಬಸ್ಸು ರೈಲಿನ ಪಾಸು) ಇಲ್ಲ, ವಿದ್ಯಾರ್ಥಿ ದರದ ಸರ್ಕಾರಿ ಆರೋಗ್ಯ ವಿಮೆಯೂ ಇಲ್ಲ, ಖಾಸಗಿ ವಿಮೆ ಮಾಡಿಸಬೇಕು. ಡಿಎಸ್‌ಎಚ್ ಫೀಸು ಕೋರ್ಸಿನ ಫೀಸಿನಲ್ಲಿ ಸೇರಿದೆಯಾ ಎಂದೂ ಕೇಳಿ.

ಡಿಎಸ್‌ಎಚ್ ಬದಲು ಟೆಸ್ಟ್‌ಡಾಫ್ (ಪ್ರವೇಶಕ್ಕೆ ಒಪ್ಪುವ ಇನ್ನೊಂದು ಜರ್ಮನ್ ಪರೀಕ್ಷೆ) ಬರೆದರೆ ಸುಲಭವಾ ಎಂದೂ ಕೇಳಿದ್ದೀರಿ. ನನ್ನಂತೆ ನಾಲ್ಕರಲ್ಲಿ ಒಂದು ಕೌಶಲ ಸೊರಗಿದವರಿಗೆ ಅಲ್ಲ. ಡಿಎಸ್‌ಎಚ್ ಲಿಖಿತದಲ್ಲಿ ಒಟ್ಟು ಅಂಕ ನೋಡುತ್ತಾರೆ, ಟೆಸ್ಟ್‌ಡಾಫ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಲ್ಲೂ ಬೇರೆಬೇರೆಯಾಗಿ 4ನೇ ಮಟ್ಟ ಬರಬೇಕು.

ಈಗ ನಿಮ್ಮ ಬಿ1 ಪ್ರಮಾಣಪತ್ರ ತೆಗೆಯಿರಿ. ನಾಲ್ಕು ಮಾಡ್ಯೂಲಿನ ಅಂಕ ಬೇರೆಬೇರೆ ಇರುತ್ತದೆ, ತಲಾ 100ಕ್ಕೆ, ಪಾಸಾಗಲು 60. ನನ್ನದರಲ್ಲಿ ಓದು 93, ಕೇಳು 67 ಎಂದು ಹೊರಡುವ ಮುಂಚೆಯೇ ಅಚ್ಚಾಗಿತ್ತು. ನಿಮ್ಮದರಲ್ಲಿ ಕೇಳುವ ಅಂಕ 75ಕ್ಕಿಂತ ಕೆಳಗಿದ್ದರೆ ಇವತ್ತಿನಿಂದಲೇ ಜರ್ಮನ್ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ನಿಧಾನಗತಿಯ ಸುದ್ದಿ ದಿನಕ್ಕೆ ಒಂದನ್ನು ಮೂರು ಸಲ ಕೇಳಿ: ಮೊದಲ ಸಲ ಪೆನ್ನು ಮುಟ್ಟದೆ, ಎರಡನೇ ಸಲ ಹತ್ತೇ ಪದ ಬರೆದುಕೊಂಡು, ಮೂರನೇ ಸಲ ಬರಹ ಮುಂದಿಟ್ಟುಕೊಂಡು. ನಾಲ್ಕೂ ಅಂಕ ಕಮೆಂಟಿನಲ್ಲಿ ಹಾಕಿ, ಯಾವ ಗುಂಪು ಕೇಳಬೇಕು ಎಂದು ಹೇಳುತ್ತೇನೆ.