ಗ್ರೂಪ್ ಎಕ್ಸ್‌ಟೆನ್ಷನ್: ಎಲ್ಲಾ ಇರುವುದು ‘ಕೈಲಿ ಒಂದು’ ಅನ್ನುವುದರಲ್ಲಿ

ಗ್ರೂಪ್ ಅಂದರೆ ಕೂಡುವುದು, ಕಳೆಯುವುದು ಇಂಥ ಒಂದು ಲೆಕ್ಕ ನಡೆಯುವ ಅಂಶಗಳ ಗುಂಪು. ಅದರೊಳಗಿನ, ಕೋಶಂಟ್ ತೆಗೆಯಲು ಬರುವಂಥ ಚಿಕ್ಕ ಗ್ರೂಪ್, ಅಂದರೆ ನಾರ್ಮಲ್ ಸಬ್‌ಗ್ರೂಪ್ ಎನ್ ಗೊತ್ತು, ಎನ್‌ನಷ್ಟು ವ್ಯತ್ಯಾಸವನ್ನು ಲೆಕ್ಕಿಸದೆ ನೋಡಿದಾಗ ಉಳಿಯುವ ಕೋಶಂಟ್ ಕ್ಯೂ ಗೊತ್ತು, ಆದರೂ ಪೂರ್ತಿ ಗ್ರೂಪ್ ಜಿ ಯಾವುದು ಅಂತ ಯಾಕೆ ಹೇಳಲು ಆಗುವುದಿಲ್ಲ, ಮಧ್ಯೆ ಈ ಕೋಸೈಕಲ್ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಎನ್, ಕ್ಯೂ ಜೋಡಿಸಿ ಜಿ ಕಟ್ಟುವುದೇ ಗ್ರೂಪ್ ಎಕ್ಸ್‌ಟೆನ್ಷನ್. ಕೋಸೈಕಲ್ ನಿಮಗೆ ಚಿಕ್ಕಂದಿನಿಂದ ಗೊತ್ತು. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ನಮ್ಮಪ್ಪ ರಾಯಚೂರಿನ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ಭತ್ತದ ಚೀಲಗಳ ಲೆಕ್ಕ ಕೂಡುವಾಗ ‘ಏಳು ಎಂಟು ಹದಿನೈದು, ಐದು ಬರಿ, ಕೈಲಿ ಒಂದು’ ಅಂತ ಬಾಯಲ್ಲೇ ಅಂದುಕೊಳ್ಳುತ್ತಾ, ಆ ಒಂದನ್ನು ಹತ್ತರ ಸಾಲಿನ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆದಿಡುತ್ತಿದ್ದರು. ಆ ಪೆನ್ಸಿಲ್ ಗುರುತೇ ಕೋಸೈಕಲ್.

ನೋಡಿ, 0ಯಿಂದ 99ರವರೆಗಿನ ಸಂಖ್ಯೆ ತಗೊಳ್ಳಿ, ಕೂಡಿದಾಗ 100 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೂರನ್ನು ಬಿಟ್ಟುಬಿಡಿ. ಬಿಡಿಸ್ಥಾನ ಮಾತ್ರ ನೋಡಿದರೆ ಅದು ಕ್ಯೂ, 10 ಅಂಶಗಳ ಸೈಕ್ಲಿಕ್ ಗ್ರೂಪ್, ಅಂದರೆ ಒಂದೇ ಅಂಶವನ್ನು ಮತ್ತೆ ಮತ್ತೆ ಕೂಡಿದರೆ ಎಲ್ಲವೂ ಸಿಗುವ ಗ್ರೂಪ್. 0, 10, 20 ಹೀಗೆ 90ರವರೆಗಿನವು ಎನ್, ಅದೂ 10 ಅಂಶದ್ದೇ. ಈಗ ಕೈಲಿಟ್ಟ ಒಂದನ್ನು ಸುಮ್ನೆ ಮರೆತು ಕೂಡಿ. 1ನ್ನು ಹತ್ತು ಸಲ ಕೂಡಿದರೆ 0 ಬರುತ್ತದೆ, ಅಂದರೆ ಸಿಗುವುದು ಬರೀ ಡೈರೆಕ್ಟ್ ಪ್ರಾಡಕ್ಟ್, ಎನ್, ಕ್ಯೂ ಎರಡನ್ನೂ ಒಂದಕ್ಕೊಂದು ಸಂಬಂಧವಿಲ್ಲದೆ ಪಕ್ಕಪಕ್ಕ ಇಟ್ಟಂತೆ. ಮರೆಯದೆ ಕೂಡಿದರೆ 10 ಬರುತ್ತದೆ, 0 ಬರಲು ನೂರು ಸಲ ಕೂಡಬೇಕು. ಎನ್, ಕ್ಯೂ ಎರಡೂ ಕಡೆ ಅವೇ, ಗ್ರೂಪ್ ಮಾತ್ರ ಬೇರೆ ಬೇರೆ, ಅಲ್ವಾ?

ಕೋಸೈಕಲ್ ಸಮೀಕರಣ ನೋಡಿ ಹೆದರಬೇಡಿ. 6, 7, 2 ಕೂಡಿ. ಮೊದಲು 6 ಮತ್ತು 7 ಕೂಡಿದರೆ ಅಲ್ಲೇ ಕೈಲಿ ಒಂದು ಬರುತ್ತದೆ. ಮೊದಲು 7 ಮತ್ತು 2 ಕೂಡಿದರೆ ಆಗ ಬರುವುದಿಲ್ಲ, 6 ಸೇರಿಸಿದಾಗ ಬರುತ್ತದೆ. ಬರುವ ಜಾಗ ಬೇರೆಯಾದರೂ ಒಟ್ಟು ಒಂದೇ. ಆ ಸಮೀಕರಣ ಹೇಳುವುದು ಇಷ್ಟನ್ನೇ: ಹೇಗೆ ಗುಂಪು ಮಾಡಿ ಕೂಡಿದರೂ ಉತ್ತರ ಬದಲಾಗಬಾರದು. ಗಣಿತಜ್ಞ ಒಟ್ಟೊ ಶ್ರೈಯರ್ 1926ರಲ್ಲಿ ಯಾವುದೇ ಗ್ರೂಪಿಗೂ ಈ ಲೆಕ್ಕ ಮಾಡಿಟ್ಟರು, ಅಲ್ಲಿ ಕ್ಯೂ ಎನ್ ಮೇಲೆ ಹೇಗೆ ಆಕ್ಟ್ ಮಾಡುತ್ತದೆ, ಅಂದರೆ ಎನ್‌ನ ಅಂಶಗಳನ್ನು ಹೇಗೆ ಅದಲುಬದಲು ಮಾಡುತ್ತದೆ ಅನ್ನುವುದೂ ಸೇರುತ್ತದೆ.

ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಎನ್, ಕ್ಯೂ ಎರಡಕ್ಕೂ 3 ಅಂಶದ ಗ್ರೂಪ್ ತಗೊಂಡರೆ ಎಕ್ಸ್‌ಟೆನ್ಷನ್ ವರ್ಗಗಳು, ಅಂದರೆ ಎನ್, ಕ್ಯೂ ಜೋಡಿಸುವ ನಿಜಕ್ಕೂ ಬೇರೆಯಾದ ರೀತಿಗಳು, 3 ಇವೆ, 9 ಅಂಶದ ಗ್ರೂಪ್‌ಗಳು ಎರಡೇ. ಕೂಡಿದ್ದು 3 ಮುಟ್ಟಿದಾಗ ಕೈಲಿ ಏನೂ ಇಡದಿದ್ದರೆ ಡೈರೆಕ್ಟ್ ಪ್ರಾಡಕ್ಟ್. ‘ಕೈಲಿ ಒಂದು’, ‘ಕೈಲಿ ಎರಡು’ ಇವೆರಡೂ 9ರ ಸೈಕ್ಲಿಕ್ ಗ್ರೂಪನ್ನೇ ಕೊಡುತ್ತವೆ, ಆದರೆ ಎನ್ ಅದರೊಳಗೆ ಕೂತಿರುವ ರೀತಿ ಬೇರೆ. ಮೂರು ಕೋಷ್ಟಕಗಳನ್ನೂ ಕೈಯಲ್ಲೇ ಬರೆದು ನೋಡಿ, ಅರ್ಧ ಗಂಟೆ ಸಾಕು.