ಒಲಿಂಪಿಕ್ಸ್ ಮುಗಿದ ಮೇಲೆ ಆರತಿ ಸಹಾ ಏನು ಮಾಡಿದರು?

ಹನ್ನೊಂದನೇ ವಯಸ್ಸಿಗೇ ಒಲಿಂಪಿಕ್ಸ್‌ಗೆ ಹೋಗಿದ್ದ ಆರತಿ ಸಹಾ ಮುಂದೆ ಏನಾದರು, ದೂರದ ಈಜನ್ನೇ ನಂಬಿ ಬದುಕಬಹುದೇ ಎಂದು ಕೇಳಿದ್ದೀರಿ. ನಾನು ಮಕ್ಕಳಿಗೆ ಈಜು ಕಲಿಸುವವನು. ಆರತಿಯವರ ವಿಷಯವನ್ನು ಹೊಸದಾಗಿ ಸೇರಿದ ಪ್ರತಿ ತಂಡಕ್ಕೂ ಹೇಳುತ್ತೇನೆ.

1940ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿ, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು, ಹೂಗ್ಲಿ ನದಿಯ ಘಾಟಿನಲ್ಲಿ ಈಜು ಕಲಿತವರು ಅವರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಈಜಿದ್ದು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಪದಕ ಸಿಗಲಿಲ್ಲ. ಆಗ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳಿಗಿದ್ದ ಅತಿ ದೂರದ ಸ್ಪರ್ಧೆಯೇ 400 ಮೀಟರ್. ಅದಕ್ಕಿಂತ ಹೆಚ್ಚು ದೂರ ಈಜಬೇಕೆಂದರೆ ಸಮುದ್ರಕ್ಕೇ ಇಳಿಯಬೇಕಿತ್ತು.

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಾದ ಇಂಗ್ಲಿಷ್ ಕಾಲುವೆಯನ್ನು 1958ರಲ್ಲಿ ದಾಟಿದ ಭಾರತದ ಈಜುಗಾರ ಮಿಹಿರ್ ಸೇನ್ ಅವರೇ ಆರತಿಯವರಿಗೆ ಹುರಿದುಂಬಿಸಿದರು. 1959ರ ಏಪ್ರಿಲ್‌ನಲ್ಲಿ ಆರತಿ ಕೋಲ್ಕತ್ತದ ಕೊಳದಲ್ಲಿ ಸತತ 8 ಗಂಟೆ, ಆಮೇಲೆ ಇನ್ನೊಮ್ಮೆ ಸತತ 16 ಗಂಟೆ ಈಜಿ ಅಭ್ಯಾಸ ಮಾಡಿದರು. ಆಗಸ್ಟ್ 27ರಂದು ಫ್ರಾನ್ಸ್‌ನ ಕೇಪ್ ಗ್ರಿ ನೇಯಿಂದ ಹೊರಡಬೇಕು. ದಾರಿ ತೋರುವ ದೋಣಿ 40 ನಿಮಿಷ ತಡವಾಗಿ ಬಂತು.

40 ನಿಮಿಷದಲ್ಲಿ ಏನು ಮಹಾ ಎನ್ನಿಸಬಹುದು. ಆ ಕಡಲಿನಲ್ಲಿ ಉಬ್ಬರ ಇಳಿತದ ಸೆಳೆತ ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ನೇರವಾಗಿ ಅಳೆದರೆ 33 ಕಿಲೋಮೀಟರಿನಷ್ಟಿರುವ ದಾರಿಯನ್ನು ಯಾರೂ ನೇರವಾಗಿ ಈಜಲಾರರು. ನೀರು ಪಕ್ಕಕ್ಕೆ ಎಳೆದೊಯ್ಯುತ್ತಲೇ ಇರುತ್ತದೆ. ದಡ ಸಮೀಪಿಸುವ ಹೊತ್ತಿಗೆ ಸೆಳೆತ ತಿರುಗಿಬಿಟ್ಟರೆ ಎಷ್ಟು ಕೈ ಬೀಸಿದರೂ ಇದ್ದಲ್ಲೇ ಇರಬೇಕಾಗುತ್ತದೆ. ಅಂದು ಆದದ್ದು ಅದೇ. ಇಂಗ್ಲೆಂಡಿನ ದಡ ಸುಮಾರು ಐದು ಮೈಲಿ ಇದೆ ಎನ್ನುವಾಗ ಎದುರು ಸೆಳೆತ ಸಿಕ್ಕಿತು. ಗಂಟೆಗಟ್ಟಲೆ ಹೋರಾಡಿ, ಸಂಜೆ ನಾಲ್ಕಕ್ಕೆ ಕೈಬಿಡಬೇಕಾಯಿತು. ನಡುವೆ ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳುವಂತಿಲ್ಲ. ಮುಟ್ಟಿದರೆ ಪ್ರಯತ್ನ ಅಲ್ಲಿಗೇ ಮುಗಿಯಿತು. ದೋಣಿಯಿಂದ ಕೊಟ್ಟ ಪಾನೀಯವನ್ನೂ ನೀರಿನಲ್ಲೇ ಕಾಲಾಡಿಸುತ್ತ ಕುಡಿಯಬೇಕು. ಉಪ್ಪುನೀರಿಗೆ ನಾಲಿಗೆ ಊದಿಕೊಳ್ಳುತ್ತದೆ, ಕಂಕುಳಿನ ಚರ್ಮ ಉಜ್ಜಿ ಉಜ್ಜಿ ಕಿತ್ತುಬರುತ್ತದೆ. ಇಷ್ಟೆಲ್ಲ ಅನುಭವಿಸಿ ಬರಿಗೈಯಲ್ಲಿ ಬಂದ ಹುಡುಗಿಗೆ ಆಗಿನ್ನೂ 18 ವರ್ಷ.

ಅವರು ಊರಿಗೆ ಮರಳದೆ ಅಲ್ಲೇ ಮತ್ತೆ ತಯಾರಿಗೆ ತೊಡಗಿದ್ದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಸೆಪ್ಟೆಂಬರ್ 29ರಂದು ಮತ್ತೆ ನೀರಿಗಿಳಿದು, 16 ಗಂಟೆ 20 ನಿಮಿಷ ಈಜಿ ಇಂಗ್ಲೆಂಡಿನ ದಡದ ಸ್ಯಾಂಡ್‌ಗೇಟ್ ತಲುಪಿದರು. ಆ ಕಾಲುವೆ ದಾಟಿದ ಏಷ್ಯಾದ ಮೊದಲ ಮಹಿಳೆ ಅವರೇ. 1960ರಲ್ಲಿ ಪದ್ಮಶ್ರೀ ಬಂತು. ಅದು ಭಾರತದ ಕ್ರೀಡಾಪಟು ಮಹಿಳೆಯೊಬ್ಬರಿಗೆ ಸಂದ ಮೊದಲ ಪದ್ಮಶ್ರೀ.

ಇನ್ನು ಹೊಟ್ಟೆಪಾಡಿನ ವಿಷಯ. ಆರತಿಯವರಿಗೆ ಆಧಾರವಾದದ್ದು ರೈಲ್ವೆಯ ನೌಕರಿ. ಈಗಲೂ ನಮ್ಮ ದೇಶದ ಬಹುತೇಕ ಈಜುಗಾರರ ಸ್ಥಿತಿ ಹಾಗೇ: ಕ್ರೀಡಾ ಕೋಟಾದ ಕೆಲಸ ಅಥವಾ ತರಬೇತುದಾರಿಕೆ. ಕಾಲುವೆ ಈಜಿಗೆ ದೋಣಿ, ಪ್ರಯಾಣ, ವಾಸ ಎಂದು ಲಕ್ಷಗಟ್ಟಲೆ ಖರ್ಚಿದೆ, ಬಹುಮಾನದ ಹಣವಿಲ್ಲ. ಆದರೆ ದಾರಿಗಳು ಹೆಚ್ಚಿವೆ. 2008ರಿಂದ ಒಲಿಂಪಿಕ್ಸ್‌ನಲ್ಲಿ 10 ಕಿಲೋಮೀಟರ್ ತೆರೆದ ನೀರಿನ ಈಜು, ಅಂದರೆ ಕೊಳದ ಬದಲು ಸಮುದ್ರ, ನದಿ, ಕೆರೆಗಳಲ್ಲಿ ಈಜುವ ಸ್ಪರ್ಧೆ, ಇದೆ. ಮಹಿಳೆಯರ 1500 ಮೀಟರ್ ಟೋಕಿಯೊದಲ್ಲಿ ಸೇರಿತು. ನಿಮ್ಮ ಮನೆಯ ಮಗುವಿಗಾಗಿ ಕೇಳುತ್ತಿದ್ದರೆ, ಓದನ್ನು ಬಿಡಿಸಬೇಡಿ. ಮೊದಲು ಕೊಳದಲ್ಲಿ 1500 ಮೀಟರ್ ಗಟ್ಟಿಯಾಗಲಿ, ಸಮುದ್ರ ಆಮೇಲೆ.